ಸೆಪ್ಟೆಂಬರ್ ಮೊದಲ ವಾರದ ಹೆಬ್ಬಾತು, ಬೆಳವದ ಬೇಟೆ: ಹೊರಿಕಾನ್‌ಗೆ ಹೊರಡುವವರಿಗೆ

ಹೋದ ವರ್ಷ ಲೇಬರ್ ಡೇ ರಜೆಗೆ ನಾವು ನಾಲ್ಕು ಜನ ವಿಸ್ಕಾನ್ಸಿನ್‌ನ ಹೊರಿಕಾನ್ ಜೌಗಿನ ಕಡೆ ಮೂರು ದಿನ ಬೇಟೆಗೆ ಹೋಗಿದ್ದೆವು. ನನಗೆ ಅದೇ ಮೊದಲ ಬೇಟೆ. ಜೊತೆಗಿದ್ದವರು ವಿರಾಜಪೇಟೆ ಕಡೆಯ ಒಬ್ಬ ಅಣ್ಣ, ಮತ್ತೆ ನನ್ನ ಆಫೀಸಿನ ಇಬ್ಬರು ಇಲ್ಲಿಯ ಗೆಳೆಯರು. ಅವರಲ್ಲಿ ಒಬ್ಬ ರೈತರ ಮನೆಯ ಹುಡುಗ. ವಾಪಸ್ ಬಂದ ಮೇಲೆ ಮ್ಯಾಡಿಸನ್, ಮಿಲ್ವಾಕಿ, ಶಿಕಾಗೋ ಕಡೆಯ ಕನ್ನಡದವರು ಸುಮಾರು ಜನ ಕೇಳಿದರು: ನಾವೂ ಹೋಗಬಹುದಾ, ಏನೇನು ಬೇಕು, ಕಾನೂನಿನ ತೊಂದರೆ ಇಲ್ವಾ? ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ವೀಸಾ ವಿಷಯ. ಇದನ್ನು ದಾಟಿ ಮುಂದೆ ಹೋಗಬೇಡಿ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಇದಕ್ಕೆ ಕೆಲವು ವಿನಾಯಿತಿ ಇವೆ. ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದೇ: ಇಲ್ಲಿಯ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. "ಸುಮ್ನೆ ಗೆಳೆಯನ ಕೋವಿ ಹಿಡಿದು ನೋಡಿದೆ" ಅಂದರೂ ತೊಂದರೆಯಾಗಬಹುದು. ನಾನು ಲೈಸೆನ್ಸ್ ಕೈಗೆ ಬರುವ ತನಕ ಅಣ್ಣನ ಮನೆಯಲ್ಲಿ ಕೋವಿಯನ್ನು ಮುಟ್ಟಲಿಲ್ಲ. ಶೂಟಿಂಗ್ ರೇಂಜಿಗೆ ಹೋಗಿದ್ದೂ ಆಮೇಲೆ. ಸ್ವಲ್ಪ ಅನುಮಾನ ಇದ್ದರೂ ವೀಸಾ ವಕೀಲರನ್ನು ಒಂದು ಮಾತು ಕೇಳಿ.

ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್ ಪಡೆಯಲು ಬೇಟೆ ಸುರಕ್ಷತೆಯ ತರಗತಿ ಮುಗಿಸಿರಬೇಕು. ಅಷ್ಟು ಸಮಯ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಅನುಭವಿಯೊಬ್ಬರ ಕೈಗೆಟುಕುವಷ್ಟು ಹತ್ತಿರದಲ್ಲೇ ಇದ್ದು ಬೇಟೆಯಾಡುವ ಮೆಂಟರ್ ಲೈಸೆನ್ಸ್ ಅದು. ನನ್ನ ಅಭಿಪ್ರಾಯ ಕೇಳಿದರೆ ತರಗತಿಗೇ ಹೋಗಿ. ಬೇಲಿ ದಾಟುವಾಗ ಕೋವಿ ಹೇಗಿರಬೇಕು, ಗೆಳೆಯನ ಕಡೆಗೆ ಬಾಯಿ ತಿರುಗದ ಹಾಗೆ ಹಿಡಿಯುವುದು ಹೇಗೆ, ಇದೆಲ್ಲ ಅಲ್ಲಿ ಕೈಗೆ ರೂಢಿಯಾಗುತ್ತದೆ.

ಲೈಸೆನ್ಸ್ ಎಲ್ಲ ರಾಜ್ಯದ 'ಗೋ ವೈಲ್ಡ್' ವೆಬ್‌ಸೈಟಿನಲ್ಲೇ ಸಿಗುತ್ತದೆ. ಸ್ಮಾಲ್ ಗೇಮ್ ಲೈಸೆನ್ಸ್ ಜೊತೆಗೆ 'ಹಿಪ್' ಅನ್ನುವ, ವಲಸೆ ಹಕ್ಕಿ ಬೇಟೆಗಾರರ ನೋಂದಣಿ ಮಾಡಿಸಬೇಕು. ಬೆಳವಕ್ಕೆ ಇಷ್ಟು ಸಾಕು. ಹೆಬ್ಬಾತಿಗೆ ಇನ್ನೂ ಜಾಸ್ತಿ ಬೇಕು: ರಾಜ್ಯದ ನೀರುಹಕ್ಕಿ ಸ್ಟಾಂಪ್, ಹೆಬ್ಬಾತಿನ ಪರ್ಮಿಟ್, ಮತ್ತೆ 25 ಡಾಲರಿನ ಫೆಡರಲ್ ಡಕ್ ಸ್ಟಾಂಪ್. ಕಾಗದದ ಸ್ಟಾಂಪ್ ಕೊಂಡರೆ ಅದರ ಮೇಲೆ ಪೆನ್ನಿನಲ್ಲಿ ಸಹಿ ಹಾಕಬೇಕು, ಇಲ್ಲದಿದ್ದರೆ ನಡೆಯುವುದಿಲ್ಲ. ಈ ಸ್ಟಾಂಪ್ 1934ರಿಂದ ಇದೆ. ಅದರ ಹಣದಲ್ಲಿ ಹೆಚ್ಚುಕಡಿಮೆ ಎಲ್ಲವೂ ಜೌಗು ಭೂಮಿ ಕೊಂಡು ಕಾಪಾಡುವುದಕ್ಕೇ ಹೋಗುತ್ತದೆ. ನಾನು ಅತ್ಯಂತ ಸಂತೋಷದಿಂದ ಕೊಟ್ಟ 25 ಡಾಲರ್ ಅದು.

ನಾನು ಗದಗ ಜಿಲ್ಲೆಯವನು. ಚಿಕ್ಕಂದಿನಲ್ಲಿ ಚಳಿಗಾಲ ಬಂತೆಂದರೆ ಅಪ್ಪ ಮಾಗಡಿ ಕೆರೆಗೆ ಕರೆದುಕೊಂಡು ಹೋಗುತ್ತಿದ್ದರು. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಿನ ತುಂಬಾ ಕೂತಿರುತ್ತಿದ್ದವು. ಅವುಗಳ ಮೇಲೆ ಯಾರೂ ಕೈ ಎತ್ತುವುದಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲಂತೂ ಎತ್ತುವ ಹಾಗೂ ಇಲ್ಲ. ಹಾಗಾಗಿ ಗೆಳೆಯರು ಮೊದಲು ಕರೆದಾಗ ನಾನು ಒಪ್ಪಲಿಲ್ಲ. ಒಪ್ಪಿದ್ದು ಇಲ್ಲಿಯ ಹಕ್ಕಿಯ ಕಥೆ ತಿಳಿದುಕೊಂಡ ಮೇಲೆ.

ಸೆಪ್ಟೆಂಬರ್ ಮೊದಲ ಪಕ್ಷದಲ್ಲಿ ಇಲ್ಲಿ ಸಿಗುವ ಕೆನಡಾ ಹೆಬ್ಬಾತುಗಳಲ್ಲಿ ಹೆಚ್ಚಿನವು ಕೆನಡಾದಿಂದ ಬಂದವಲ್ಲ. ಇಲ್ಲೇ ಗೂಡು ಕಟ್ಟಿ, ಇಲ್ಲೇ ಮರಿ ಮಾಡಿದ ದೊಡ್ಡ ಜಾತಿಯವು. ಒಂದೊಂದು ನಾಲ್ಕೈದು ಕಿಲೋ ತೂಗುತ್ತದೆ. ಈ ದೊಡ್ಡ ಜಾತಿ ನಾಶವಾಯಿತು ಅಂತಲೇ ಒಂದು ಕಾಲದಲ್ಲಿ ನಂಬಿದ್ದರು. 1962ರಲ್ಲಿ ಮಿನ್ನೆಸೋಟದ ರಾಚೆಸ್ಟರ್‌ನಲ್ಲಿ ಒಂದು ಗುಂಪು ಬದುಕಿರುವುದು ಗೊತ್ತಾಯಿತು. ಅಲ್ಲಿಂದ ಕಾಪಾಡಿ ಬೆಳೆಸಿದ್ದು ಎಷ್ಟಾಯಿತೆಂದರೆ, ಈಗ ಹೊಲ, ಪಾರ್ಕ್, ಗಾಲ್ಫ್ ಮೈದಾನ ಎಲ್ಲ ಕಡೆ ಅವೇ. ಉತ್ತರದಿಂದ ವಲಸೆ ಬರುವ ಹೆಬ್ಬಾತುಗಳು ಇಳಿಯುವ ಮೊದಲೇ ಈ ಊರಿನವನ್ನು ಸ್ವಲ್ಪ ಕಡಿಮೆ ಮಾಡಬೇಕು ಅಂತ ಸೆಪ್ಟೆಂಬರ್ 1ರಿಂದ 15ರವರೆಗೆ ಮುಂಗಡ ಬೇಟೆ ಇಟ್ಟಿದ್ದಾರೆ. ದಿನಕ್ಕೆ ಒಬ್ಬರಿಗೆ ಐದು. ಬೆಳವದ ಬೇಟೆಯೂ ಸೆಪ್ಟೆಂಬರ್ 1ಕ್ಕೇ ಶುರು, ದಿನಕ್ಕೆ 15. ಇದು ನಾವು ಹೋದಾಗಿನ ಲೆಕ್ಕ. ಪ್ರತಿ ವರ್ಷ ಹೊಸ ನಿಯಮದ ಪುಸ್ತಿಕೆ ಬರುತ್ತದೆ, ಹೊರಡುವ ಮುಂಚೆ ಅದನ್ನು ಓದಿ.

ಕೊಡಗಿನವರಿಗೆ ಈ ವಾರ ಇನ್ನೊಂದು ಕಾರಣಕ್ಕೆ ಹತ್ತಿರವಾದದ್ದು. ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್ ಪೊಳ್ದ್. ನಾಟಿ ಮುಗಿಸಿ, ಕೋವಿ ತೊಳೆದು, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವ ಹಬ್ಬ. ಅಣ್ಣ ನಮ್ಮ ಬಾಡಿಗೆ ಮನೆಯ ಮೇಜಿನ ಮೇಲೆ ಖಾಲಿ ಕೋವಿಗಳನ್ನು ಸಾಲಾಗಿ ಇಟ್ಟು ದೀಪ ಹಚ್ಚಿದರು. ತೋಕ್ ಪೂ ಎಲ್ಲಿಂದ ತರುವುದು? ತೋಟದಲ್ಲಿದ್ದ ಡೇಲಿಯಾ ಇಟ್ಟೆವು. ಒಂದು ಮಾತು: ಗಣೇಶನ ಹಬ್ಬವೂ ಕೆಲವು ವರ್ಷ ಇದೇ ದಿನಗಳಲ್ಲಿ ಬರುತ್ತದೆ. ಮನೆಯಲ್ಲಿ ಕೇಳಿ ದಿನ ಗೊತ್ತು ಮಾಡಿ, 15ರ ತನಕ ಸಮಯ ಇರುತ್ತದೆ.

ಹೊಲ ಹುಡುಕುವ ಕೆಲಸ ಬೇಟೆಗಿಂತ ದೊಡ್ಡದು. ನಾವು ಒಂದು ದಿನ ಮುಂಚೆಯೇ ಹೋಗಿ ಇಡೀ ಸಂಜೆ ಕಾರಿನಲ್ಲಿ ಸುತ್ತಿದೆವು. ಹೆಬ್ಬಾತು ರಾತ್ರಿ ನೀರಿನಲ್ಲಿ ಇರುತ್ತದೆ, ಬೆಳಿಗ್ಗೆ ಮತ್ತು ಸಂಜೆ ಮೇಯಲು ಹೊಲಕ್ಕೆ ಬರುತ್ತದೆ. ಈ ಸಮಯದಲ್ಲಿ ಗೋಧಿ, ಓಟ್ಸ್ ಕೂಳೆ ಅದಕ್ಕೆ ಇಷ್ಟ. ರಸಮೇವಿಗೆ ಅಂತ ಮೆಕ್ಕೆಜೋಳ ಕೊಯ್ದ ಹೊಲ ಇದ್ದರೆ ಇನ್ನೂ ಒಳ್ಳೆಯದು. ಸಂಜೆ ಯಾವ ಹೊಲದಲ್ಲಿ ಮೇಯ್ದವೋ, ಬೆದರಿಸದಿದ್ದರೆ ಮರುದಿನ ಬೆಳಿಗ್ಗೆ ಅದೇ ಹೊಲಕ್ಕೆ ಬರುವುದು ಹೆಚ್ಚು. ಸುಮಾರು 60 ಹಕ್ಕಿ ಇಳಿದ ಒಂದು ಗೋಧಿ ಕೂಳೆ ಸಿಕ್ಕಿತು. ಮಾಲೀಕರ ಮನೆ ಹುಡುಕಿ ಬಾಗಿಲು ತಟ್ಟಿದೆವು. ವಯಸ್ಸಾದ ರೈತರು. ಎಷ್ಟು ಜನ, ಯಾವ ಕಾರು, ಎಷ್ಟು ಹೊತ್ತಿಗೆ ಹೋಗುತ್ತೀರಿ ಅಂತ ಕೇಳಿ ಒಪ್ಪಿದರು. ಕತ್ತಲಾಗುವ ಮುಂಚೆ ಹೋಗಿ ಕೇಳಿ, ಬೇಟೆಯ ಬಟ್ಟೆ ಹಾಕಿಕೊಂಡು ಹೋಗಬೇಡಿ. ಬೇಡ ಅಂದರೆ ಧನ್ಯವಾದ ಹೇಳಿ ಬನ್ನಿ. ಮುಗಿದ ಮೇಲೆ ಖಾಲಿ ತೋಟಾ ಒಂದೂ ಬಿಡದೆ ಆರಿಸಿ. ನಾವು ಹೊರಡುವಾಗ ಅವರಿಗೆ ಒಂದು ಡಬ್ಬಿ ಮೈಸೂರು ಪಾಕ್ ಕೊಟ್ಟೆವು. ಮುಂದಿನ ವರ್ಷವೂ ಬನ್ನಿ ಅಂದರು.

ಬೆಳವಕ್ಕೆ ಖಾಸಗಿ ಹೊಲವೇ ಬೇಕಾಗಿಲ್ಲ. ದಕ್ಷಿಣ ವಿಸ್ಕಾನ್ಸಿನ್‌ನ ಕೆಲವು ಸರ್ಕಾರಿ ವನ್ಯಜೀವಿ ಪ್ರದೇಶಗಳಲ್ಲಿ ಬೆಳವಕ್ಕಾಗಿಯೇ ಸೂರ್ಯಕಾಂತಿ ಬೆಳೆಯುತ್ತಾರೆ. ರಜೆಯ ದಿನ ಅಲ್ಲಿ ಜನ ಜಾಸ್ತಿ, ಮಧ್ಯಾಹ್ನವೇ ಹೋಗಿ ಜಾಗ ಹಿಡಿಯಿರಿ. ನಾವು ಎರಡು ಗಂಟೆಗೆ ಹೋಗಿ ಹೊಲದ ಅಂಚಿನಲ್ಲಿ, ಒಂದು ಒಣಮರದ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತೆವು. ಒಣಮರ ಇದ್ದ ಕಡೆ ಬೆಳವ ಬಂದು ಕೂರುತ್ತದೆ. ನೀರು, ಟೋಪಿ, ಸೊಳ್ಳೆ ಔಷಧಿ ಮರೆಯಬೇಡಿ. ಸೆಪ್ಟೆಂಬರ್ ಅಂದರೂ ಬಿಸಿಲು ಜೋರು.

ಇಲ್ಲಿಯ ಮೌರ್ನಿಂಗ್ ಡವ್ ನಮ್ಮ ಬೆಳವದ ಅಣ್ಣತಮ್ಮನ ಹಾಗೆ. ತೂಕ ನೂರಿಪ್ಪತ್ತು ಗ್ರಾಂ ಆಸುಪಾಸು, ಬಾಲ ಉದ್ದ, ತುದಿ ಚೂಪು. ವಿಸ್ಕಾನ್ಸಿನ್ 1971ರಲ್ಲಿ ಇದನ್ನೇ ರಾಜ್ಯದ ಶಾಂತಿಯ ಗುರುತು ಅಂತ ಘೋಷಿಸಿತು. ಅದರ ಬೇಟೆ ಶುರುವಾಗಿದ್ದು 2003ರಲ್ಲಿ, ಬಹಳ ವಾದ ವಿವಾದದ ನಂತರ. ಆ ವಾದ ಮಾಡಿದವರ ಮನಸ್ಸು ನನಗೆ ಅರ್ಥವಾಗುತ್ತದೆ. ಅದಕ್ಕೇ ಹೇಳುವುದು, ಹಕ್ಕಿ ಯಾವುದು ಅಂತ ಖಚಿತವಾಗದೆ ಕೋವಿ ಎತ್ತಬೇಡಿ. ಅದೇ ಹೊಲದ ಮೇಲೆ ಕಿಲ್‌ಡಿಯರ್ ಹಾರುತ್ತದೆ, ಅದು ನಮ್ಮ ಟಿಟ್ಟಿಭದ ಬಳಗ. ಸಣ್ಣ ಚಾಣವೂ ಹಾರುತ್ತದೆ. ದೂರದಿಂದ ಎರಡೂ ಬೆಳವದ ಹಾಗೇ ಕಾಣುತ್ತವೆ. ಎರಡನ್ನೂ ಹೊಡೆಯುವ ಹಾಗಿಲ್ಲ. ಮೊದಲ ಅರ್ಧ ಗಂಟೆ ನಾನು ಕೋವಿ ಖಾಲಿ ಇಟ್ಟು ಬರೀ ನೋಡಿದೆ. ನೀವೂ ಹಾಗೇ ಮಾಡಿ.

ಬೆಳವ ಗಂಟೆಗೆ 80 ಕಿಲೋಮೀಟರ್ ಮೀರಿ ಹಾರಬಲ್ಲದು, ಅದೂ ಸೊಟ್ಟಂಬಟ್ಟ. ಅಣ್ಣ ಊರಿನಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆಯಲ್ಲಿ ಗೆದ್ದವರು. ಅವರೇ ಹೇಳಿದರು, "ಇದು ಬೇರೆ ಕೆಲಸ ಕಣೋ. ಹಕ್ಕಿ ಇರುವ ಕಡೆ ಅಲ್ಲ, ಹೋಗುವ ಕಡೆ ಹೊಡಿ. ಈಡು ಹೊಡೆದ ಮೇಲೂ ಕೋವಿ ತಿರುಗುತ್ತಲೇ ಇರಲಿ." ಹೋಗುವ ಮುಂಚೆ ಎರಡು ಮೂರು ಸಲವಾದರೂ ರೇಂಜಿನಲ್ಲಿ ಮಣ್ಣಿನ ಬಿಲ್ಲೆಗೆ ಅಭ್ಯಾಸ ಮಾಡಿ. ನಾನು ಮೊದಲ ದಿನ 25ರ ಎರಡು ಡಬ್ಬಿ ತೋಟಾ ಮುಗಿಸಿ ಆರು ಬೆಳವ ಇಳಿಸಿದೆ.

ಆ ಆರರಲ್ಲಿ ಒಂದು ಸಿಗಲೇ ಇಲ್ಲ. ಎರಡು ಹಕ್ಕಿ ಜೊತೆಯಾಗಿ ಬಂದವು. ಒಂದು ಬಿತ್ತು. ಅದು ಎಲ್ಲಿ ಬಿತ್ತು ಅಂತ ನೋಡದೆ ಇನ್ನೊಂದಕ್ಕೆ ಹೊಡೆದೆ, ಅದೂ ಬಿತ್ತು. ಹೊಲದಾಚೆಯ ಎದೆಯೆತ್ತರದ ಹುಲ್ಲಿನಲ್ಲಿ ನಾಲ್ಕೂ ಜನ ನಲವತ್ತು ನಿಮಿಷ ಹುಡುಕಿದೆವು. ಎರಡನೆಯದು ಸಿಕ್ಕಿತು, ಮೊದಲನೆಯದು ಇಲ್ಲ. ಸಿಗದ ಹಕ್ಕಿಯನ್ನೂ ನಾನು ನನ್ನ ಲೆಕ್ಕಕ್ಕೆ ಸೇರಿಸಿಕೊಂಡೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅವತ್ತಿನಿಂದ ಒಂದು ಸಲಕ್ಕೆ ಒಂದೇ ಹಕ್ಕಿ. ಬಿದ್ದ ಜಾಗದಿಂದ ಕಣ್ಣು ತೆಗೆಯದೆ ನೇರ ನಡೆದು ಹೋಗುತ್ತೇನೆ. ದಟ್ಟ ಹುಲ್ಲಿನ ಮೇಲೆ ಹಾರುವ ಹಕ್ಕಿಯನ್ನು ಬಿಟ್ಟುಬಿಡುತ್ತೇನೆ. ನಾಯಿ ಇರುವ ಗೆಳೆಯರಿದ್ದರೆ ಬೇಡಿಕೊಂಡಾದರೂ ಕರೆದುಕೊಂಡು ಹೋಗಿ.

ಇನ್ನು ತೋಟಾ. ನೀರುಹಕ್ಕಿಗೆ ಸೀಸದ ಚರೆ 1991ರಿಂದ ಇಡೀ ದೇಶದಲ್ಲಿ ನಿಷೇಧ. ಹೆಬ್ಬಾತು ಬೇಟೆಗೆ ಹೋದಾಗ ಜೇಬಿನಲ್ಲಿ ಒಂದು ಸೀಸದ ತೋಟಾ ಉಳಿದಿದ್ದರೂ ತಪ್ಪು. ವಿಸ್ಕಾನ್ಸಿನ್‌ನ ಸರ್ಕಾರಿ ಬೇಟೆ ಜಾಗಗಳಲ್ಲಿ ಬೆಳವಕ್ಕೂ ಸೀಸ ಬೇಡ. ಸೀಸದ್ದನ್ನು ಕೊಳ್ಳಲೇಬೇಡಿ, ಗೊಂದಲವೇ ಇರುವುದಿಲ್ಲ. ಬೆಳವಕ್ಕೆ 6 ಅಥವಾ 7ನೇ ನಂಬರಿನ ಸ್ಟೀಲ್, ಹೆಬ್ಬಾತಿಗೆ 2 ಅಥವಾ ಬಿಬಿ. ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದ ಹಾಗೆ ಒಳಗೆ ಪ್ಲಗ್ ಇರಬೇಕು. ಬಾಡಿಗೆಗೋ ಎರವಲೋ ತಂದ ಕೋವಿಯಾದರೆ ಇದನ್ನು ಬಿಚ್ಚಿ ನೋಡಿ.

ಸೂರ್ಯಕಾಂತಿ ಹೊಲದಲ್ಲಿ ಒಂದು ವಿಷಯ ಕಲಿತೆ. ಒಂದು ಕಡೆ ಗಿಡಗಳನ್ನು ಕತ್ತರಿಸಿ ಬೀಜ ನೆಲಕ್ಕೆ ಬೀಳಿಸಿದ್ದರು. ನಾಳೆ ಹೆಬ್ಬಾತಿಗೂ ಇಲ್ಲೇ ಕೂರೋಣ ಅಂದೆ. ರೈತರ ಮನೆಯ ಗೆಳೆಯ ತಕ್ಷಣ ತಡೆದ. ಹಾಗೆ ನಿಂತ ಬೆಳೆಯನ್ನು ಕತ್ತರಿಸಿ ಕಾಳು ಉದುರಿಸಿದ ಹೊಲದಲ್ಲಿ ಬೆಳವ ಹೊಡೆಯಬಹುದು, ಹೆಬ್ಬಾತು ಹೊಡೆದರೆ ಫೆಡರಲ್ ಅಪರಾಧ. ಮಾಮೂಲಿನಂತೆ ಕೊಯ್ಲು ಮಾಡಿದ ಕೂಳೆಯಾದರೆ ಎರಡಕ್ಕೂ ತೊಂದರೆ ಇಲ್ಲ. ಯಾರಾದರೂ ಕಾಳು ತಂದು ಚೆಲ್ಲಿದ್ದರೆ, ಅದನ್ನು ಪೂರ್ತಿ ತೆಗೆದ ಮೇಲೂ ಹತ್ತು ದಿನ ಆ ಜಾಗ ಮುಟ್ಟುವ ಹಾಗಿಲ್ಲ. "ಗೊತ್ತಿರಲಿಲ್ಲ" ಅಂದರೆ ಬೇಟೆ ತಪಾಸಣೆಯ ವಾರ್ಡನ್ ಸುಲಭಕ್ಕೆ ಒಪ್ಪುವುದಿಲ್ಲ. ಹೊಲ ಹೇಗೆ ಕೊಯ್ದಿರಿ ಅಂತ ರೈತರನ್ನು ಕೇಳಿಯೇ ಕೂರಿ.

ಹೆಬ್ಬಾತಿನ ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದೆವು. ಎರಡು ಡಜನ್ ಗೊಂಬೆ ಹೆಬ್ಬಾತುಗಳನ್ನು ಐದೈದು, ಆರಾರು ಗುಂಪು ಮಾಡಿ ಇಟ್ಟೆವು. ಸೆಪ್ಟೆಂಬರ್‌ನಲ್ಲಿ ಅವು ಇನ್ನೂ ಸಂಸಾರ ಸಮೇತ ಓಡಾಡುತ್ತವೆ, ದೊಡ್ಡ ಹಿಂಡು ಇಟ್ಟರೆ ಅನುಮಾನ ಬರುತ್ತದಂತೆ. ಗಾಳಿ ನಮ್ಮ ಬೆನ್ನಿಗೆ. ಹಕ್ಕಿ ಗಾಳಿಗೆ ಎದುರಾಗಿ ಇಳಿಯುವುದರಿಂದ ನಮ್ಮ ಮುಖದ ಕಡೆಗೇ ಬರುತ್ತದೆ. ನೆಲಕ್ಕೆ ಅಂಟಿದ ಚೀಲದಂಥ ಮರೆಯೊಳಗೆ ಮಲಗಿ ಮೇಲೆ ಕೂಳೆ ಸಿಕ್ಕಿಸಿಕೊಂಡೆವು. 30 ಗಜ ದೂರದಲ್ಲಿ ಒಂದು ಗೊಂಬೆ ಇಟ್ಟು, ಅದರಾಚೆ ಯಾರೂ ಹೊಡೆಯಬಾರದು ಅಂತ ಮಾತು. ಹೆಬ್ಬಾತು ದೊಡ್ಡದು, ದೂರ ಇದ್ದರೂ ಹತ್ತಿರ ಕಾಣುತ್ತದೆ. ಮೊದಲ ಸಲದವರು ಇಲ್ಲೇ ತಪ್ಪುವುದು. ಒಬ್ಬೊಬ್ಬರಿಗೂ ಆಕಾಶದ ಒಂದು ಪಾಲು, ಪಕ್ಕದವರ ಪಾಲಿಗೆ ಕೋವಿ ತಿರುಗಿಸುವಂತಿಲ್ಲ. ಯಾವಾಗ ಅಂತ ಹೇಳುವವರು ಒಬ್ಬರೇ.

ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚಿನಿಂದ ಹೊಡೆಯಬಹುದು, ಆ ದಿನ ಆರು ಗಂಟೆಗೆ ಸ್ವಲ್ಪ ಮುಂಚೆ. ಹಕ್ಕಿ ಬಂದದ್ದು ಏಳಕ್ಕೆ. ಮೊದಲು ಕೂಗು ಕೇಳಿತು. ಜೌಗಿನ ಕಡೆಯಿಂದ ಏಳು ಹಕ್ಕಿ, ಒಂದು ಸುತ್ತು ಹಾಕಿ, ರೆಕ್ಕೆ ಬಡಿಯುವುದು ನಿಲ್ಲಿಸಿ, ಕಾಲು ಇಳಿಬಿಟ್ಟು ಬಂದವು. ಆ ನೋಟಕ್ಕೆ ಮಾಗಡಿ ಕೆರೆ ನೆನಪಾಗಿ ನನ್ನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಹೊಡೆದೆ. ಒಂಬತ್ತು ಗಂಟೆಗೆ ನಾಲ್ಕೂ ಜನರದ್ದು ಸೇರಿ ಏಳಾಗಿತ್ತು. ಇನ್ನೂ ಹೊಡೆಯಲು ಅವಕಾಶ ಇತ್ತು. ಆದರೆ ಏಳು ಹೆಬ್ಬಾತು ಅಂದರೆ ನಾಲ್ಕು ಮನೆಗೆ ಬೇಕಾದಷ್ಟು ಮಾಂಸ. ನಿಲ್ಲಿಸಿದೆವು.

ಮಾಂಸ ಕೆಡದಂತೆ ನೋಡುವುದೇ ಈ ತಿಂಗಳ ದೊಡ್ಡ ಕೆಲಸ. ಹೊಲದಲ್ಲೇ ಕರುಳು ತೆಗೆದು ಐಸ್ ಪೆಟ್ಟಿಗೆಗೆ ಹಾಕಿ. ಮನೆ ತಲುಪುವ ತನಕ ಹೆಬ್ಬಾತಿನ ತಲೆಯೋ, ಪುಕ್ಕ ಇರುವ ಒಂದು ರೆಕ್ಕೆಯೋ ದೇಹಕ್ಕೆ ಅಂಟಿಕೊಂಡೇ ಇರಬೇಕು, ಯಾವ ಹಕ್ಕಿ ಅಂತ ಗುರುತಿಗೆ. ಹಕ್ಕಿ ಜ್ವರದ ಕಾರಣ ಕೈಗವಸು ಹಾಕಿ, ಮಂಕಾಗಿ ಕೂತ ಹಕ್ಕಿಯನ್ನು ಮುಟ್ಟಬೇಡಿ. ಎದೆಯ ಮಾಂಸ ಕೋಳಿಯ ಹಾಗೆ ಬಿಳಿ ಅಲ್ಲ, ಕುರಿ ಮಾಂಸದ ಹಾಗೆ ಕೆಂಪು. ಅಣ್ಣ ಅದನ್ನು ಪಂದಿ ಕರಿಯ ಮಸಾಲೆಯಲ್ಲೇ ಮಾಡಿದರು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಕಪ್ಪಾಗುವಷ್ಟು ಹುರಿದು, ಕೊನೆಗೆ ಕಾಚಂಪುಳಿ. ಕಾಲುಗಳನ್ನು ಮೊದಲು ಕುಕ್ಕರಿನಲ್ಲಿ ಬೇಯಿಸಬೇಕು. ಕಡಂಬಿಟ್ಟಿನ ಜೊತೆ ತಿಂದೆವು. ಹೆಚ್ಚುವಾಗ ಚರೆ ಹುಡುಕಿ ತೆಗೆಯಿರಿ, ಸ್ಟೀಲ್ ಚರೆ ಹಲ್ಲಿಗೆ ಸಿಕ್ಕರೆ ಹಲ್ಲೇ ಹೋಗುತ್ತದೆ.

ಮನೆಯವರು ಜೊತೆ ಬಂದರೆ ಹೊರಿಕಾನ್ ಊರಿನ ಹತ್ತಿರ ಹೆದ್ದಾರಿ 28ರಲ್ಲಿರುವ ಸಂದರ್ಶಕರ ಕೇಂದ್ರ ಚೆನ್ನಾಗಿದೆ. ಜೌಗನ್ನು ಉತ್ತರದಲ್ಲಿ ಸೀಳಿಕೊಂಡು ಹೋಗುವ ಹೆದ್ದಾರಿ 49ರಲ್ಲಿ ಕಾರಿನಿಂದಲೇ ಹಕ್ಕಿ ಕಾಣುತ್ತವೆ. ಮ್ಯಾಡಿಸನ್, ಮಿಲ್ವಾಕಿ ಎರಡರಿಂದಲೂ ಸುಮಾರು ಒಂದು ಗಂಟೆಯ ದಾರಿ.

ಊರಿಗೆ ಹೋಗುವವರು ಬೇಟೆಗೆ ಒಯ್ದ ಚೀಲವನ್ನು ವಿಮಾನಕ್ಕೆ ಒಯ್ಯಬೇಡಿ. ಜೇಬಿನ ಮೂಲೆಯಲ್ಲಿ ಒಂದು ತೋಟಾ ಉಳಿದಿದ್ದರೂ ಬೆಂಗಳೂರಿನಲ್ಲಿ ಶಸ್ತ್ರಾಸ್ತ್ರ ಕಾಯಿದೆಯ ಕೇಸು ಆಗಬಹುದು. ನಾನು ಬೇಟೆಗೆ ಅಂತಲೇ ಬೇರೆ ಚೀಲ ಇಟ್ಟಿದ್ದೇನೆ.

ನಾನು ಹೊಡೆದ ಹೆಬ್ಬಾತಿನ ಕಾಲಿನಲ್ಲಿ, ಹಕ್ಕಿಗಳ ಲೆಕ್ಕ ಇಡಲು ತೊಡಿಸುವ ಅಲ್ಯುಮಿನಿಯಂ ಬಳೆ ಇತ್ತು. ಅಂಥದ್ದು ಸಿಕ್ಕರೆ ಅದರ ನಂಬರನ್ನು ರಿಪೋರ್ಟ್‌ಬ್ಯಾಂಡ್ ವೆಬ್‌ಸೈಟಿನಲ್ಲಿ ದಾಖಲಿಸಿ. ಈ ಲೆಕ್ಕಗಳನ್ನು ನೋಡಿಯೇ ಬೇಟೆಯ ಮಿತಿ ಗೊತ್ತು ಮಾಡುತ್ತಾರೆ. ಬಳೆಯನ್ನು ನೀವೇ ಇಟ್ಟುಕೊಳ್ಳಬಹುದು, ಒಂದು ಪ್ರಮಾಣಪತ್ರವೂ ಬರುತ್ತದೆ. ನನ್ನದರಲ್ಲಿ ಹೀಗಿತ್ತು: ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ, ಹಾರಲು ಬಾರದ ಮರಿಯಾಗಿದ್ದಾಗ ಬಳೆ ತೊಡಿಸಿದ್ದು, ಆ ಗೋಧಿ ಹೊಲದಿಂದ ಇಪ್ಪತ್ತು ಮೈಲಿ ದೂರದಲ್ಲಿ.