ನನ್ನ ಕಡೆಯವರು

2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಎಂಬ ಕೊರಿಯನ್ ಧಾರಾವಾಹಿಯಲ್ಲಿ ಒಂದು ಊಟದ ದೃಶ್ಯವಿದೆ. ಜೆಜು ದ್ವೀಪದ ಮೀನುಗಾರರ ಮನೆಗೆ ಸೊಸೆಯಾಗಿ ಬಂದ ಏಸುನ್, ಹೆಂಗಸರಿಗೆಂದು ಬೇರೆಯಾಗಿ ಇಟ್ಟ ಗಿಡ್ಡ ಮೇಜಿನ ಮುಂದೆ ಕುಳಿತಿದ್ದಾಳೆ. ಗಂಡ ಗ್ವಾನ್‌ಶಿಕ್ ಮನೆಯ ರೂಢಿಯಂತೆ ಇನ್ನೊಂದು ಮೇಜಿನಲ್ಲಿ, ಅವಳಿಗೆ ಬೆನ್ನು ಹಾಕಿ ಕುಳಿತಿದ್ದಾನೆ. ಅವನು ಯಾರೊಡನೆಯೂ ವಾದಕ್ಕೆ ಇಳಿಯುವುದಿಲ್ಲ, ಧ್ವನಿಯನ್ನೂ ಏರಿಸುವುದಿಲ್ಲ. ಕುಳಿತಲ್ಲಿಯೇ ಅರ್ಧ ಸುತ್ತು ತಿರುಗಿ, ಹೆಂಡತಿಯ ಮೇಜಿಗೆ ಮುಖ ಮಾಡಿ, ಅವಳ ಜೊತೆ ಊಟ ಮಾಡತೊಡಗುತ್ತಾನೆ. ಇಡೀ ಮನೆ ದಂಗಾಗಿ ನೋಡುತ್ತದೆ. ತಲೆಮಾರುಗಳಿಂದ ಆ ಮನೆಯ ಗಂಡಸರು ಯಾರೂ ಮಾಡದ ಕೆಲಸವನ್ನು ಅವನು ಮಾಡಿ ಮುಗಿಸಿರುತ್ತಾನೆ, ಅದೂ ಜಾಗ ಬಿಟ್ಟು ಏಳದೆ.

ಕೊರಿಯನ್ ಧಾರಾವಾಹಿಗಳನ್ನು ನಾನು ಯಾಕೆ ಇಷ್ಟೊಂದು ಹಚ್ಚಿಕೊಂಡಿದ್ದೇನೆ ಎಂಬ ಪ್ರಶ್ನೆಗೆ ಬಹಳ ಕಾಲ ನನ್ನಲ್ಲಿ ನೆಟ್ಟಗಿನ ಉತ್ತರವಿರಲಿಲ್ಲ. ಆ ದೃಶ್ಯವನ್ನು ನೋಡಿದ ರಾತ್ರಿ ಉತ್ತರ ಸಿಕ್ಕಿತು. ಕೊರಿಯನ್ ಭಾಷೆಯಲ್ಲಿ ‘ಪ್ಯೊನ್’ ಎಂದರೆ ಕಡೆ, ಪಕ್ಷ. ‘ನೆ ಪ್ಯೊನ್’ ಎಂದರೆ ನನ್ನ ಕಡೆ, ನನ್ನ ಪರವಾಗಿ ನಿಲ್ಲುವವರು. ಈ ಮಾತು ಅವರ ಧಾರಾವಾಹಿಗಳಲ್ಲಿ ಎಷ್ಟು ಸಲ ಬರುತ್ತದೆ ಎಂಬುದನ್ನು ಒಮ್ಮೆ ಗಮನಿಸತೊಡಗಿದರೆ ಮತ್ತೆ ಅದನ್ನು ಕೇಳಿಸಿಕೊಳ್ಳದೆ ಇರಲು ಸಾಧ್ಯವಿಲ್ಲ. ಗಂಡನಿಗೆ ಅವರು ‘ನಾಂಪ್ಯೊನ್’ ಎನ್ನುತ್ತಾರೆ; ಆ ಪದವನ್ನೇ ಸ್ವಲ್ಪ ಎಳೆದು ‘ನಾಮೆ ಪ್ಯೊನ್’, ಅಂದರೆ ಪರರ ಕಡೆಯವನು, ಎಂದು ಹೇಳಿ ಹೆಂಡತಿಯರು ನಿಟ್ಟುಸಿರು ಬಿಡುವುದೂ ಅಲ್ಲಿ ವಾಡಿಕೆ. ನಮ್ಮಲ್ಲಿ ‘ನಮ್ಮ ಕಡೆಯವರು’ ಎಂದರೆ ನೆಂಟರು, ಬಳಗ. ಹಾಗಾಗಿ ಈ ಪದದ ತೂಕ ಕನ್ನಡದ ಕಿವಿಗೆ ಬೇಗನೆ ತಿಳಿಯುತ್ತದೆ ಎಂದು ನನಗನ್ನಿಸುತ್ತದೆ. ನಾನು ಮತ್ತೆ ಮತ್ತೆ ನೋಡುವ ಕಥೆಗಳೆಲ್ಲವೂ ಯಾರು ಯಾರನ್ನು ಪ್ರೀತಿಸುತ್ತಾರೆ ಎಂಬುದಕ್ಕಿಂತ ಯಾರು ಯಾರ ಕಡೆಗೆ ನಿಲ್ಲುತ್ತಾರೆ ಎಂಬ ಪ್ರಶ್ನೆಯ ಸುತ್ತ ಹೆಣೆದವು.

ಗ್ವಾನ್‌ಶಿಕ್ ಈ ವಿಷಯದಲ್ಲಿ ಸುಲಭದ ಪಾತ್ರ. ದ್ವೀಪ ಬಿಟ್ಟು ಹೊರಟ ಹಡಗಿನಿಂದ ಸಮುದ್ರಕ್ಕೆ ಹಾರಿ ಏಸುನ್‌ಳ ಬಳಿಗೆ ಈಜಿ ಬರುವವನು ಅವನು. ಮುಂದೆ ತಂದೆಯಾದಾಗ ಮಗಳಿಗೂ ಅವನು ಕೊಡುವ ಧೈರ್ಯ ಒಂದೇ: ಸರಿಬಾರದಿದ್ದರೆ ಹಿಂದಕ್ಕೆ ಬಂದುಬಿಡು, ಅಪ್ಪ ಇಲ್ಲೇ ಇದ್ದೇನೆ. ಅವನ ಮನಸ್ಸಿನಲ್ಲಿ ಎಂದೂ ಸಂದೇಹವಿಲ್ಲ. ಅಂಥವನನ್ನು ಮೆಚ್ಚದವರು ಯಾರಿದ್ದಾರೆ? ಆದರೆ ನನ್ನನ್ನು ಹೆಚ್ಚು ಕಾಡುವುದು ತಮ್ಮವರ ಕಡೆಗೆ ನಿಲ್ಲಲು ತಡಮಾಡಿದವರು, ತಪ್ಪಿದವರು, ಅಥವಾ ನಿಂತಿದ್ದರೂ ಅದನ್ನು ಹೇಳಲಾರದೆ ಹೋದವರು.

2015ರ ನವೆಂಬರ್‌ನಿಂದ 2016ರ ಜನವರಿಯವರೆಗೆ ಟಿವಿಎನ್ ವಾಹಿನಿಯಲ್ಲಿ ಪ್ರಸಾರವಾದ ‘ರಿಪ್ಲೈ 1988’ರ ದೊಕ್‌ಸನ್‌ಳನ್ನೇ ತೆಗೆದುಕೊಳ್ಳಿ. ಸಿಯೋಲ್‌ನ ಸಂಗ್‌ಮುನ್-ದೊಂಗ್ ಎಂಬ ಬಡಾವಣೆಯ ಒಂದು ಓಣಿ, ಅಲ್ಲಿ ನೆಲಮಟ್ಟಕ್ಕಿಂತ ಅರ್ಧ ಕೆಳಗಿರುವ ಮನೆ. ಅಪ್ಪ ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತು ಸೋತದ್ದರಿಂದ ಸಂಸಾರ ಅಲ್ಲಿಗೆ ಬಂದಿದೆ. ಅಕ್ಕ ಬೊರಾ ಬುದ್ಧಿವಂತೆ, ತಮ್ಮ ನೊಉಲ್ ಮನೆಯ ಕಿರಿಯ. ನಡುವೆ ಹುಟ್ಟಿದವಳು ದೊಕ್‌ಸನ್. ಪ್ರತಿ ವರ್ಷ ಅಕ್ಕನ ಹುಟ್ಟುಹಬ್ಬದ ಕೇಕಿನಲ್ಲೇ ಅವಳ ಹುಟ್ಟುಹಬ್ಬವನ್ನೂ ಮುಗಿಸಿಬಿಡುತ್ತಾರೆ. ಒಂದು ದಿನ ಅವಳ ತಾಳ್ಮೆಯ ಕಟ್ಟೆ ಒಡೆಯುತ್ತದೆ. ಮೊಟ್ಟೆ ಹುರಿದರೆ ಅಕ್ಕನಿಗೆ ಮತ್ತು ತಮ್ಮನಿಗೆ, ಕೋಳಿಯ ಕಾಲು ಅವರಿಗೆ, ನನಗೆ ರೆಕ್ಕೆ. ನನಗೂ ಮೊಟ್ಟೆ ಇಷ್ಟ, ನನಗೂ ಕಾಲು ಇಷ್ಟ ಎಂದು ಅವಳು ಅಳುತ್ತಾ ಕೂಗುವಾಗ, ತನ್ನ ಹೆಸರು ಕೂಡ ಅವರ ಹೆಸರಿನಷ್ಟು ಚೆಂದವಿಲ್ಲ ಎಂಬ ದೂರು ಅದರೊಳಗೆ ಸೇರಿಕೊಳ್ಳುತ್ತದೆ. ಮೊಟ್ಟೆ ಅಲ್ಲಿ ನೆಪ ಮಾತ್ರ. ಆ ಮನೆಯಲ್ಲಿ ತನ್ನ ಕಡೆಯವರು ಯಾರೂ ಇಲ್ಲವೆಂಬುದೇ ಅವಳ ಸಂಕಟ.

ಆಮೇಲೆ ಅಪ್ಪ ಸಣ್ಣದೊಂದು ಕೇಕು ಹಿಡಿದು ಓಣಿಯಲ್ಲಿ ಅವಳಿಗಾಗಿ ಕಾಯುತ್ತಾನೆ. ತಾನೂ ಹುಟ್ಟಿದಾಗಿನಿಂದ ಅಪ್ಪನಾಗಿರಲಿಲ್ಲ, ಅಪ್ಪನಾಗುವುದು ತನಗೂ ಇದೇ ಮೊದಲ ಸಲ, ಸ್ವಲ್ಪ ಸಹಿಸಿಕೋ ಎಂದು ಅವನು ಮಗಳೆದುರು ಹೇಳುವ ಮಾತು ಕೊರಿಯಾದಲ್ಲಿ ಬಹಳ ಜನಪ್ರಿಯವಾಯಿತು. ಆ ಮಾತಿಗಿಂತ ನನಗೆ ಹೆಚ್ಚಾಗಿ ನೆನಪಿರುವುದು ಅವನು ಆಯ್ದುಕೊಂಡ ಜಾಗ. ಮನೆಯೊಳಗೆ, ಎಲ್ಲರೆದುರು, ಅಕ್ಕನ ಪಕ್ಕದಲ್ಲಿ ಅವಳನ್ನು ಮತ್ತೊಮ್ಮೆ ಎರಡನೆಯವಳನ್ನಾಗಿ ಮಾಡದೆ, ಅವಳೊಬ್ಬಳಿಗೇ ಸೇರಿದ ಹತ್ತು ನಿಮಿಷವನ್ನು ಅವನು ಹೊರಗೆ, ಬೀದಿದೀಪದ ಕೆಳಗೆ ಹೊಂದಿಸುತ್ತಾನೆ.

ಆ ಧಾರಾವಾಹಿ ನಡೆಯುತ್ತಿದ್ದಾಗ ನೋಡುಗರ ಗಮನವೆಲ್ಲ ದೊಕ್‌ಸನ್ ಮುಂದೆ ಓಣಿಯ ಗೆಳೆಯರಲ್ಲಿ ಯಾರನ್ನು ಮದುವೆಯಾಗುತ್ತಾಳೆ ಎಂಬುದರ ಮೇಲಿತ್ತು. ಹೇಗಿದ್ದರೂ ಗಂಡ ರ್‍ಯು ಜುನ್‌ಯೊಲ್‌ನೇ ಎನ್ನುವವರು ‘ಒನಾಮ್ರ್ಯು’ ಪಂಗಡ, ಹೇಗಿದ್ದರೂ ತೇಕ್ ಎನ್ನುವವರು ‘ಒನಾಮ್‌ತೇಕ್’ ಪಂಗಡ. ನಾನೂ ಮೊದಲ ಸಲ ನೋಡಿದಾಗ ರ್‍ಯು ಜುನ್‌ಯೊಲ್ ನಟಿಸಿದ ಜಂಗ್‌ಹ್ವಾನ್‌ನ ಪರವಾಗಿಯೇ ಇದ್ದೆ, ಕೊನೆಗೆ ಮನಸ್ಸು ಮುರಿದುಕೊಂಡೆ. ಕಿಕ್ಕಿರಿದ ಬಸ್ಸಿನಲ್ಲಿ ಅವಳ ಮೇಲೆ ಯಾರೂ ಬೀಳದಂತೆ ಎರಡು ಕೈ ಚಾಚಿ ಗೋಡೆಯಂತೆ ನಿಂತವನು, ಮಳೆಯ ರಾತ್ರಿ ಕೊಡೆ ಕೊಟ್ಟು ಬೇಗ ಮನೆಗೆ ಬಾ ಎಂದಷ್ಟೇ ಗದರಿ ಹೋದವನು ಅವನು. ಎರಡನೆಯ ಸಲ ನೋಡಿದಾಗ ನನ್ನ ಅಭಿಪ್ರಾಯ ಬದಲಾಯಿತು. ಜಂಗ್‌ಹ್ವಾನ್ ಸದಾ ಅವಳ ಕಡೆಗೇ ಇದ್ದ, ಆದರೆ ಅದು ಅವಳಿಗೆ ತಿಳಿಯದಂತೆ ನೋಡಿಕೊಂಡ. ಸಂಗೀತ ಕಾರ್ಯಕ್ರಮಕ್ಕೆ ಅವಳೊಬ್ಬಳೇ ಹೋಗಿರುವುದು ಗೊತ್ತಾದ ರಾತ್ರಿ ಅವನು ಕಾರು ಓಡಿಸಿಕೊಂಡು ಬರುತ್ತಾನೆ. ಕೆಂಪು ದೀಪಗಳು ಅವನನ್ನು ತಡೆಯುತ್ತವೆ. ತಲುಪುವ ಹೊತ್ತಿಗೆ ತೇಕ್ ಅಲ್ಲಿದ್ದಾನೆ. ಬದುಕನ್ನೇ ಬಾದುಕ್ (ಗೋ) ಎಂಬ ಮಣೆಯಾಟಕ್ಕೆ ಒಪ್ಪಿಸಿದ್ದ ತೇಕ್, ಆ ದಿನದ ಪಂದ್ಯವನ್ನು ಕೈಬಿಟ್ಟು ಬಂದಿದ್ದಾನೆ. ತನ್ನನ್ನು ತಡೆದದ್ದು ಕೆಂಪು ದೀಪಗಳಲ್ಲ, ತನ್ನ ಹಿಂಜರಿಕೆಗಳು ಎಂದು ಜಂಗ್‌ಹ್ವಾನ್ ತಾನೇ ಒಪ್ಪಿಕೊಳ್ಳುತ್ತಾನೆ. ಆ ಒಪ್ಪಿಗೆಯಲ್ಲಿ ಅವನ ದೊಡ್ಡತನವಿದೆ, ಸೋಲಿನ ಕಾರಣವೂ ಇದೆ.

ಈ ಪಂಗಡಗಳ ಗದ್ದಲದಲ್ಲಿ ಅನೇಕರು ಮರೆತ ಒಂದು ದೃಶ್ಯವನ್ನು ಇಲ್ಲಿ ಹೇಳಲೇಬೇಕು. ದೊಕ್‌ಸನ್ ಮೊದಲು ಸನ್‌ವೂ, ಆಮೇಲೆ ಜಂಗ್‌ಹ್ವಾನ್, ಹೀಗೆ ಗೆಳತಿಯರು ಯಾರ ಹೆಸರು ಹೇಳಿದರೆ ಅವರತ್ತ ಮನಸ್ಸು ಹರಿಸುತ್ತಾ ಹೋದವಳು. ನಿನ್ನನ್ನು ಇಷ್ಟಪಡುವವರು ಯಾರು ಎಂಬುದನ್ನು ಬಿಡು, ನೀನು ಇಷ್ಟಪಡುವುದು ಯಾರನ್ನು ಎಂದು ಅವಳನ್ನು ಕೇಳುವುದು ಓದಿನಲ್ಲಿ ಹಿಂದುಳಿದ ಗೆಳೆಯ ದೊಂಗ್‌ರ್ಯೊಂಗ್. ಮೊಟ್ಟೆಗಾಗಿ ಅತ್ತ ಹುಡುಗಿಗೆ ನೀನು ನಿನ್ನ ಕಡೆಗೆ ನಿಂತುಕೋ ಎಂದು ಮೊದಲು ಹೇಳಿದವನು ಅವನೇ. ಅವಳ ಗಂಡ ಯಾರಾಗಬೇಕಿತ್ತು ಎಂಬ ಚರ್ಚೆಯಲ್ಲಿ ನನಗೆ ಈಗ ಆಸಕ್ತಿ ಉಳಿದಿಲ್ಲ.

ಇನ್ನು ‘ಮೈ ಮಿಸ್ಟರ್’. ಪಾರ್ಕ್ ಹೇಯಂಗ್ ಬರೆದು ಕಿಮ್ ವೊನ್‌ಸೊಕ್ ನಿರ್ದೇಶಿಸಿದ, 2018ರಲ್ಲಿ ಟಿವಿಎನ್‌ನಲ್ಲಿಯೇ 16 ಕಂತುಗಳಲ್ಲಿ ಬಂದ ಈ ಧಾರಾವಾಹಿಯನ್ನು ನಾನು ಮೂರು ಸಲ ನೋಡಿದ್ದೇನೆ. ಮೂರನೆಯ ಸಲ ನೋಡಿದ್ದು ದೊಂಗ್‌ಹೂನ್‌ನ ಪಾತ್ರ ಮಾಡಿದ ಲೀ ಸನ್‌ಕ್ಯುನ್ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡ ನಂತರ, ಮತ್ತು ಆ ಸಲ ಅವರ ಆ ತಗ್ಗಿದ, ಗಂಭೀರ ಧ್ವನಿಯನ್ನು ಕೇಳುವುದೇ ಕಷ್ಟವಾಗಿತ್ತು. ಕಥೆಯಲ್ಲಿ ದೊಂಗ್‌ಹೂನ್‌ಗೆ 45 ವರ್ಷ, ಕಟ್ಟಡಗಳ ಭದ್ರತೆ ಪರೀಕ್ಷಿಸುವ ಎಂಜಿನಿಯರ್. ಜಿಆನ್‌ಗೆ 21, ಅದೇ ಕಚೇರಿಯ ಹಂಗಾಮಿ ನೌಕರಳು. ಹಗಲು ಕಚೇರಿ, ರಾತ್ರಿ ಪಾತ್ರೆ ತೊಳೆಯುವ ಕೆಲಸ, ಅಲ್ಲಿ ಉಳಿದದ್ದೇ ಊಟ, ಕಚೇರಿಯಿಂದ ಕದ್ದು ತಂದ ಕಾಫಿಪುಡಿಯ ಪೊಟ್ಟಣಗಳೇ ರಾತ್ರಿಯ ಆಸರೆ. ಮನೆಯಲ್ಲಿ ಕಿವಿ ಕೇಳದ, ಕೈಸನ್ನೆಯಲ್ಲಿ ಮಾತಾಡುವ ಅಜ್ಜಿ. ತಲೆಯ ಮೇಲೆ ಸಾಲ. ದೊಂಗ್‌ಹೂನ್‌ನನ್ನು ಕೆಲಸದಿಂದ ತೆಗೆಸಿದರೆ ತನಗೆ ಹಣ ಸಿಗುವಂತೆ ಕಂಪನಿಯ ಮುಖ್ಯಸ್ಥನೊಡನೆ ಒಪ್ಪಂದ ಮಾಡಿಕೊಂಡು, ಅವಳು ಅವನ ಮೊಬೈಲಿನಲ್ಲಿ ಕದ್ದಾಲಿಸುವ ವ್ಯವಸ್ಥೆ ಮಾಡುತ್ತಾಳೆ. ನನ್ನ ಕಡೆಯವರು ಎಂಬ ಸಂಬಂಧ ಇಲ್ಲಿ ಮೊಳೆಯುವುದು ದ್ರೋಹದ ನೆಲದಲ್ಲಿ.

ಅವಳಿಗೆ ಅದರಲ್ಲಿ ಕೇಳಿಸುವುದು ಗುಟ್ಟುಗಳಿಗಿಂತ ಹೆಚ್ಚಾಗಿ ಒಬ್ಬ ಮನುಷ್ಯನ ದಿನಚರಿ. ಅವನ ಹೆಜ್ಜೆಯ ಸಪ್ಪಳ, ನಿಟ್ಟುಸಿರು, ಅಣ್ಣತಮ್ಮಂದಿರ ಜೊತೆ ಕುಡಿಯುತ್ತಾ ಆಡುವ ಹರಟೆ, ಮನೆಗೆ ಹೊರಟಾಗ ಹೆಂಡತಿಗೆ ಫೋನ್ ಮಾಡಿ ಏನಾದರೂ ತರಲೇ ಎಂದು ತಪ್ಪದೆ ಕೇಳುವ ಎರಡು ಪದ. ಆ ಹೆಂಡತಿ ಬೇರೊಬ್ಬನೊಡನೆ ಸಂಬಂಧ ಇಟ್ಟುಕೊಂಡಿದ್ದಾಳೆ ಎಂಬುದು ಜಿಆನ್‌ಗೆ ಗೊತ್ತು. ಅದು ತನಗೂ ಗೊತ್ತಾದ ಮೇಲೂ ಅವನು ಅದೇ ಪ್ರಶ್ನೆಯನ್ನು ಕೇಳುವುದನ್ನು ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆಲಿಸುತ್ತಾಳೆ.

ಒಂಬತ್ತನೆಯ ಕಂತಿನ ಹೊತ್ತಿಗೆ ದೊಂಗ್‌ಹೂನ್ ಅವಳಿಂದ ಸಾಲ ವಸೂಲಿ ಮಾಡುವ ಗ್ವಾಂಗ್‌ಇಲ್‌ನನ್ನು ಹುಡುಕಿಕೊಂಡು ಹೋಗುತ್ತಾನೆ. ಇಬ್ಬರೂ ಹೊಡೆದಾಡುತ್ತಾರೆ. ಇವಳು ನನ್ನ ಅಪ್ಪನನ್ನು ಕೊಂದವಳು ಎಂದು ಗ್ವಾಂಗ್‌ಇಲ್ ಕಿರುಚುತ್ತಾನೆ. ಅಜ್ಜಿಯನ್ನು ಹೊಡೆಯುತ್ತಿದ್ದವನನ್ನು ತಡೆಯಲು ಹೋಗಿ ಹುಡುಗಿಯೊಬ್ಬಳು ಮಾಡಿದ ಕೊಲೆ ಅದು, ನ್ಯಾಯಾಲಯ ಆತ್ಮರಕ್ಷಣೆ ಎಂದು ಬಿಟ್ಟ ಪ್ರಕರಣ. ಆದರೆ ಇದು ತಿಳಿದ ಮೇಲೆ ಯಾರೂ ಅವಳ ಹತ್ತಿರ ಉಳಿದದ್ದಿಲ್ಲ. ತನಗೆ ನಾಲ್ಕು ಸಲಕ್ಕಿಂತ ಹೆಚ್ಚು ಒಳ್ಳೆಯದು ಮಾಡಿದವರು ಯಾರೂ ಇಲ್ಲ ಎಂದು ಲೆಕ್ಕವಿಟ್ಟವಳು ಅವಳು. ಈಗಲೂ ಅವಳು ಬೀದಿಯಲ್ಲಿ ನಿಂತು ಇದೆಲ್ಲವನ್ನೂ ಇಯರ್‌ಫೋನಿನಲ್ಲಿ ಕೇಳುತ್ತಿದ್ದಾಳೆ. ಒಂದು ಕ್ಷಣ ಅತ್ತ ಕಡೆಯಿಂದ ಮಾತಿಲ್ಲ. ಆಮೇಲೆ ದೊಂಗ್‌ಹೂನ್‌ನ ಧ್ವನಿ: ನಾನಾಗಿದ್ದರೂ ಕೊಲ್ಲುತ್ತಿದ್ದೆ. ನಮ್ಮ ಮನೆಯವರನ್ನು ಹೊಡೆಯುವವನನ್ನು ಯಾರಾದರೂ ಕೊಲ್ಲುತ್ತಾರೆ. ಜಿಆನ್ ಅಲ್ಲಿಯೇ ಕುಕ್ಕರಗಾಲಲ್ಲಿ ಕುಸಿದು ಬಾಯಿಬಿಟ್ಟು ಅಳುತ್ತಾಳೆ. ಅಷ್ಟು ಕಂತುಗಳಲ್ಲಿ ಕಲ್ಲಿನಂತೆ ಇದ್ದ ಮುಖವನ್ನು ಜಿಆನ್ ಪಾತ್ರದ ನಟಿ ಐಯು ಆ ಒಂದು ನಿಮಿಷದಲ್ಲಿ ಸಣ್ಣ ಮಗುವಿನ ಮುಖವನ್ನಾಗಿ ಮಾಡುತ್ತಾರೆ. ತನ್ನ ಪರವಾಗಿ ಆಡಿದ ಮಾತು, ಅದೂ ತಾನು ಕೇಳುತ್ತಿರುವುದು ಗೊತ್ತಿಲ್ಲದೆ ಆಡಿದ ಮಾತು! ಎದುರಿಗೆ ನಿಂತು ಹೇಳಿದ್ದರೆ ಅವಳು ಖಂಡಿತ ನಂಬುತ್ತಿರಲಿಲ್ಲ.

ಇವರಿಬ್ಬರದು ಪ್ರೇಮವೇ ಎಂಬ ಪ್ರಶ್ನೆ ಮೊದಲಿನಿಂದಲೂ ಇದೆ. ವಯಸ್ಸಿನ ಅಂತರದ ಬಗ್ಗೆ, ಹುಡುಗಿಯ ಮೇಲಿನ ಹಿಂಸೆಯ ದೃಶ್ಯಗಳ ಬಗ್ಗೆ ಪ್ರಸಾರದ ಆರಂಭದಲ್ಲಿ ಕೊರಿಯಾದಲ್ಲಿಯೇ ಆಕ್ಷೇಪಗಳು ಬಂದಿದ್ದವು, ಮತ್ತು ಆ ಆಕ್ಷೇಪಗಳನ್ನು ನಾನು ತಳ್ಳಿಹಾಕುವುದಿಲ್ಲ; ಆ ಹಿಂಸೆಯ ದೃಶ್ಯಗಳನ್ನು ಈಗಲೂ ನಾನು ಮುಖ ತಿರುಗಿಸಿಕೊಂಡೇ ದಾಟುತ್ತೇನೆ. ಆದರೆ ಕೊರಿಯನ್ ಶೀರ್ಷಿಕೆಯನ್ನು ಗಮನಿಸಬೇಕು: ‘ನಾಎ ಅಜೊಷಿ’. ಅಜೊಷಿ ಎಂದರೆ ದಾರಿಯಲ್ಲಿ ಸಿಗುವ ಯಾವುದೇ ನಡುವಯಸ್ಸಿನ ಗಂಡಸು. ಗುರುತಿಲ್ಲದವರನ್ನು ಕರೆಯಲು ಬಳಸುವ ಮಾತು. ಅದರ ಹಿಂದೆ ‘ನನ್ನ’ ಎಂಬ ಪದ ಸೇರಿದಾಗ ಹುಟ್ಟುವ ಸಂಬಂಧಕ್ಕೆ ಬೇರೆ ಯಾವ ಹೆಸರನ್ನೂ ಹಚ್ಚಬಾರದು ಎಂಬುದು ನನ್ನ ನಿಲುವು. ಕದ್ದಾಲಿಕೆ ಬಯಲಾದಾಗ ದೊಂಗ್‌ಹೂನ್ ಸಿಟ್ಟಾಗುವುದಿಲ್ಲ. ತನ್ನ ಈ ದರಿದ್ರ ಬದುಕನ್ನೆಲ್ಲ ಕೇಳಿಸಿಕೊಂಡ ಮೇಲೂ ತನ್ನ ಕಡೆಗೆ ನಿಂತದ್ದಕ್ಕೆ ಅವಳಿಗೆ ಕೃತಜ್ಞತೆ ಹೇಳುತ್ತಾನೆ. ಅಲ್ಲಿಯೂ ಬರುವುದು ಅದೇ ‘ನೆ ಪ್ಯೊನ್’.

ಆದರೂ ಆ ಹೆಂಡತಿ ಯೂನ್‌ಹೀಯನ್ನು ಕೆಟ್ಟವಳೆಂದು ಬದಿಗೆ ಸರಿಸುವವರೊಡನೆ ನನಗೆ ಜಗಳವಿದೆ. ಅವಳು ಮಾಡಿದ್ದು ತಪ್ಪು. ಆದರೆ ಅವಳ ದೂರನ್ನು ಕೇಳಿ: ಈ ಮನುಷ್ಯನಿಗೆ ಅಮ್ಮ, ಅಣ್ಣ, ತಮ್ಮ, ಹುಟ್ಟಿ ಬೆಳೆದ ಹುಗ್ಯೆಯ ಗೆಳೆಯರು ಮೊದಲು, ಆಮೇಲೆ ಅವಳು. ಊರಿಗೆಲ್ಲ ‘ನಮ್ಮವನು’ ಆಗಿದ್ದವನು ತನ್ನ ಹೆಂಡತಿಗೆ ಪರರ ಕಡೆಯವನೇ ಆಗಿ ಉಳಿದ. ಏನಾದರೂ ತರಲೇ ಎಂಬ ಆ ಪ್ರಶ್ನೆಯನ್ನು ಜಿಆನ್ ಕಿವಿಯಿಂದ ಕೇಳಿದರೆ ಅದರಲ್ಲಿ ಅಕ್ಕರೆಯಿದೆ, ಯೂನ್‌ಹೀಯ ಕಿವಿಯಿಂದ ಕೇಳಿದರೆ ಬರೀ ರೂಢಿಯಿದೆ. ಈ ಎರಡನ್ನೂ ಒಂದೇ ಪಾತ್ರದಲ್ಲಿ ಇಟ್ಟದ್ದು ಪಾರ್ಕ್ ಹೇಯಂಗ್ ಅವರ ಬರವಣಿಗೆಯ ಪ್ರಾಮಾಣಿಕತೆ.

ಜಿಆನ್‌ಳ ಅಜ್ಜಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಬರುವವರು ಯಾರೂ ಇರಲಿಲ್ಲ. ದೊಂಗ್‌ಹೂನ್‌ನ ಅಣ್ಣ, ಸೋತ ಬದುಕಿನ ಸಾಂಗ್‌ಹೂನ್, ಕೂಡಿಟ್ಟಿದ್ದ ತನ್ನ ಹಣವನ್ನೆಲ್ಲ ತೆಗೆದು ಹೂಮಾಲೆಗಳನ್ನು ತರಿಸುತ್ತಾನೆ, ಹುಗ್ಯೆಯ ಗೆಳೆಯರನ್ನೆಲ್ಲ ಕರೆಸುತ್ತಾನೆ. ಆ ರಾತ್ರಿ ಅಲ್ಲಿ ಕುಳಿತು ಉಂಡವರಲ್ಲಿ ಹೆಚ್ಚಿನವರು ಸತ್ತ ಮುದುಕಿಯನ್ನು ಸರಿಯಾಗಿ ಕಂಡವರೂ ಅಲ್ಲ.

ಕಥೆಯ ಶುರುವಿನಲ್ಲಿ ಜಿಆನ್ ಕಚೇರಿಯಲ್ಲಿ ದೊಂಗ್‌ಹೂನ್‌ಗೆ ಹೇಳಿದ್ದು, ಮುಖ ಕೂಡ ನೋಡದೆ, ಊಟ ಕೊಡಿಸಿ ಎಂದು. ಕೊನೆಯ ಕಂತಿನಲ್ಲಿ, ಬಹಳ ಕಾಲದ ನಂತರ ಸಿಯೋಲ್‌ನಲ್ಲಿ ಆಕಸ್ಮಿಕವಾಗಿ ಭೇಟಿಯಾದಾಗ, ಅವಳ ಕೂದಲು ಓರಣವಾಗಿದೆ, ಮುಖದಲ್ಲಿ ನಗುವಿದೆ, ಜೊತೆಗೆ ಹೊಸ ಸಹೋದ್ಯೋಗಿಗಳಿದ್ದಾರೆ. ಇಬ್ಬರೂ ಕೈಕುಲುಕುತ್ತಾರೆ. ನಿಮಗೆ ನಾನು ಊಟ ಕೊಡಿಸಬೇಕು ಎನ್ನುತ್ತಾಳೆ ಅವಳು.