ಹೋಮಕ್ಕೆ ದುಡ್ಡು, ಅದರಲ್ಲೇನು ಗುಸುಗುಸು?

ಮಡಿಕೇರಿಯಲ್ಲಿ ನೆಂಟರ ಮನೆಯ ಗಣಹೋಮ. ಮಳೆಗಾಲ ಬೇರೆ, ಕಟ್ಟಿಗೆ ಹಸಿ, ತುಪ್ಪ ಸುರಿದಷ್ಟೂ ಉರಿಗಿಂತ ಹೊಗೆಯೇ ಜಾಸ್ತಿ, ಪೂರ್ಣಾಹುತಿ ಹೊತ್ತಿಗೆ ಭಕ್ತಿ ಇಲ್ಲದವರ ಕಣ್ಣಲ್ಲೂ ನೀರು! ಆಮೇಲೆ ಅಡುಗೆಮನೆಯಲ್ಲಿ ಪಿಸುಮಾತು: "ಪುರೋಹಿತರದ್ದು ಪ್ಯಾಕೇಜ್ ಅಂತೆ, ದಕ್ಷಿಣೆ, ಸಾಮಾನೆಲ್ಲ ಸೇರಿಸಿ."

ಇದರಲ್ಲಿ ಪಿಸುಗುಡುವುದೇನಿದೆ? ದಕ್ಷಿಣೆ ನಿನ್ನೆ ಮೊನ್ನೆಯದಲ್ಲ. ಋಗ್ವೇದದ 10ನೇ ಮಂಡಲದ 107ನೇ ಸೂಕ್ತ ಕುದುರೆ, ಚಿನ್ನ, ಬಟ್ಟೆ ಕೊಟ್ಟವರನ್ನು ಬಾಯ್ತುಂಬ ಹೊಗಳುತ್ತದೆ. ಗೀತೆಯ 17ನೇ ಅಧ್ಯಾಯವಂತೂ ದಕ್ಷಿಣೆ ಇಲ್ಲದ ಯಜ್ಞವನ್ನು ತಾಮಸ ಅಂದುಬಿಡುತ್ತದೆ. ವರ್ಷಗಟ್ಟಲೆ ಮಂತ್ರ ಕಲಿತವರು ನಸುಕಿಗೇ ಎದ್ದು ಬಂದು ಬೆಂಕಿ ಮುಂದೆ ಕೂರುತ್ತಾರೆ, ಅವರಿಗೂ ಮನೆ ಇದೆ ಅಲ್ವಾ?

ಕೊಡವ ಗೆಳೆಯರಿಗೆ ಈ ತಲೆಬಿಸಿ ಕಡಿಮೆ. ಅವರ ಹಳೇ ಪದ್ಧತಿಯ ಮದುವೆಗೆ ಪುರೋಹಿತರೂ ಬೇಡ, ಹೋಮವೂ ಬೇಡ. ದೀಪದ ಮುಂದೆ ಹಿರಿಯರು ಅಕ್ಕಿ ಹಾಕಿ ಹರಸಿದರೆ ಆಯಿತು. ಹಾಗಂತ ಮದುವೆ ಅಗ್ಗ ಅಂದುಕೊಳ್ಳಬೇಡಿ, ಪಂದಿಕರಿಯ ಬಿಲ್ ನೋಡಿದವರಿಗೆ ಗೊತ್ತು.

ನನಗೆ ಸಿಟ್ಟು ಬರುವುದು ಹೆದರಿಸಿ ವಸೂಲಿ ಮಾಡುವಾಗ ಮಾತ್ರ. ಜಾತಕ ಬಿಚ್ಚಿ "ದೋಷ ಇದೆ, ಇನ್ನೊಂದು ಹೋಮ ಆಗಲೇಬೇಕು" ಅಂದರೆ ಸುಮ್ನೆ ಎದ್ದು ಬನ್ನಿ. ಮಾಡಿಸುವುದೇ ಆದರೆ ರೇಟು, ಸಾಮಾನಿನ ಪಟ್ಟಿ ಮೊದಲೇ ಕೇಳಿ. ತುಪ್ಪ ನೀವೇ ತನ್ನಿ.