ಮೊದಲು ಮಾತು, ಆಮೇಲೆ ಸೂಜಿ

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ವಿಯೆಟ್ನಾಮಿನವರಿಗಾಗಿ ನಾವು ವಿದ್ಯಾರ್ಥಿಗಳು ನಡೆಸುವ ಉಚಿತ ಆರೋಗ್ಯ ಶಿಬಿರಕ್ಕೆ ಇವತ್ತೂ ಹೋಗಿದ್ದೆ. ಬಿಪಿ, ಶುಗರ್ ನೋಡುವುದು ಬೇಗ ಮುಗಿಯುತ್ತದೆ. ಹೊತ್ತು ಹಿಡಿಯುವುದು ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಸೋಂಕಿನ ವಿಚಾರ. ಹೆರಿಗೆ ವೇಳೆ ತಾಯಿಯಿಂದ ಮಗುವಿಗೆ ದಾಟಬಲ್ಲ ಈ ವೈರಸ್ ಎಷ್ಟೋ ವರ್ಷ ಸುಮ್ಮನಿದ್ದು ಲಿವರ್ ಕ್ಯಾನ್ಸರ್‌ವರೆಗೂ ಒಯ್ಯಬಹುದು.

1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ನಂತರ ದೋಣಿ ಹತ್ತಿ ದೇಶ ಬಿಟ್ಟಿದ್ದ ಅಜ್ಜಿಯೊಬ್ಬರು, "ನನಗೇನೂ ನೋವಿಲ್ಲವಲ್ಲ, ರಕ್ತ ಯಾಕೆ?" ಅಂದರು. ಅವರ ಭಾಷೆ ಬಲ್ಲ ಗೆಳತಿ ಪಕ್ಕದಲ್ಲಿ ಕೂತು, ಮಕ್ಕಳು ಮೊಮ್ಮಕ್ಕಳನ್ನೆಲ್ಲ ವಿಚಾರಿಸಿ, ಆಮೇಲೆ ಪರೀಕ್ಷೆಯ ಮಾತು ತೆಗೆದಳು. ಅಜ್ಜಿ ಕೈ ಚಾಚಿದರು. ನನಗೂ ಅಷ್ಟು ತಾಳ್ಮೆ ಬರಬೇಕು ಅನ್ನಿಸಿತು.

ಸೋಂಕಿದ್ದರೆ ಹಿಡಿತದಲ್ಲಿಡಲು ಮಾತ್ರೆಯಿದೆ, ಇಲ್ಲದವರಿಗೆ ಲಸಿಕೆಯಿದೆ. ವಯಸ್ಕರೆಲ್ಲ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು 2023ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳಿದೆ. ಮುಂದಿನ ಶಿಬಿರಕ್ಕೆ ವಿಯೆಟ್ನಾಮೀಸ್ ಬಲ್ಲವರು ಇನ್ನೂ ಬೇಕು. ಗೊತ್ತಿದ್ದವರಿದ್ದರೆ ದಯವಿಟ್ಟು ತಿಳಿಸಿ.